ಬಳೆ ತೆಗೆದಿಟ್ಟು ಮಾಡುವ ಕೆಲಸ

ಮೊನ್ನೆ ಭಾನುವಾರ ಬೆಳಿಗ್ಗೆ ನಮ್ಮ ಫ್ಯಾಕ್ಟರಿಯ ಹಳೆಯ ಸರ್ವರಿನ ಮೇಲಿನ ತಗಡು ಎತ್ತಿದಾಗ ಮೊದಲು ಮೂಗಿಗೆ ಬಂದದ್ದು ಪೂಜೆಯ ವಾಸನೆ. ವರ್ಷಗಟ್ಟಲೆ ಬಿಸಿಯಲ್ಲಿ ಒಣಗಿದ ಧೂಳು, ಒಂದಿಷ್ಟು ಕುಂಕುಮ, ಎಲ್ಲೋ ಉಳಿದುಕೊಂಡಿದ್ದ ಕರ್ಪೂರದ ಘಾಟು… ಫ್ಯಾನಿನ ಪಕ್ಕದ ಸಂದಿಯಲ್ಲಿ ಸೇವಂತಿಗೆಯ ಎಸಳುಗಳು ಕಂದುಬಣ್ಣಕ್ಕೆ ತಿರುಗಿ ಅಂಟಿಕೊಂಡಿದ್ದವು. ಮಿಷನ್ನು ಗುಜರಿಗೆ ಹೋಗುವ ಮೊದಲು ಡಿಸ್ಕ್ ಬಿಚ್ಚಿಕೊಡಲು ಬೆಂಗಳೂರಿನಿಂದ ಬಂದಿದ್ದ ಇಂಜಿನಿಯರ್ ಬಗ್ಗಿ ನೋಡಿ, "ಸರ್ವರ್ ಒಳಗೆ ಹೂವಾ? ಯಾರ್ ಮೇಡಂ ಇದು ಹಾಕಿದ್ದು?" ಎಂದು ನಕ್ಕ. ನನಗೆ ನಗು ಬರಲಿಲ್ಲ. ಯಾರು ಹಾಕಿದ್ದು ಎಂದು ನನಗೆ ಗೊತ್ತಿತ್ತು.

ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಅವರನ್ನು ಇಡೀ ಫ್ಯಾಕ್ಟರಿ ಸಿಸ್ಟಮ್ ಮೇಡಂ ಎಂದು ಕರೆಯುತ್ತಿತ್ತು. ನನಗೆ ಅಕ್ಕ. ಒಡಹುಟ್ಟಿದವರಲ್ಲ, ನೆಂಟರೂ ಅಲ್ಲ. ಆದರೂ ಮೊದಲ ವಾರದಲ್ಲೇ ಬಾಯಿಗೆ ಅದೇ ಬಂತು, ಅವರೂ ಬೇಡವೆನ್ನಲಿಲ್ಲ.

ದೊಡ್ಡಬಳ್ಳಾಪುರದಲ್ಲಿ ಡಿಪ್ಲೊಮಾ ಮುಗಿಸಿ ನಾನು ಬಾಶೆಟ್ಟಿಹಳ್ಳಿಯ ಈ ಬಟ್ಟೆ ಹೊಲಿಯುವ ಫ್ಯಾಕ್ಟರಿಗೆ ಸೇರಿದ್ದು ಸ್ಟೋರ್ಸಿನಲ್ಲಿ ಗುಂಡಿ, ಜಿಪ್ಪು, ದಾರದ ವಿವರವನ್ನು ಕಂಪ್ಯೂಟರಿಗೆ ತುಂಬುವ ಕೆಲಸಕ್ಕೆ. ಆ ಸಾಫ್ಟ್‌ವೇರಿನ ಪರದೆಯ ತುಂಬ ನಮಗೆ ಬೇಡದ ಬಟನ್ನುಗಳು. ಹುಡುಕಿ ಹುಡುಕಿ ಕಣ್ಣು ಉರಿಯುತ್ತಿತ್ತು. ಸೆಟ್ಟಿಂಗಿನಲ್ಲಿ ಕೈಯಾಡಿಸಿ, ದಿನಾ ಬೇಕಾದವನ್ನು ಮಾತ್ರ ಮುಂದಕ್ಕೆ ತಂದು ಬಾಕಿಯನ್ನೆಲ್ಲ ಬಚ್ಚಿಟ್ಟೆ. ಸೂಪರ್‌ವೈಸರ್ ನೋಡಿ, ಕಂಪನಿಯ ಸಾಫ್ಟ್‌ವೇರ್ ಕೆಡಿಸಿದಳು ಎಂದು ಎಗರಾಡಿದ. ಅಕ್ಕನನ್ನು ಕರೆಸಿದ. ಅವರು ಬಂದು ನನ್ನ ಹಿಂದೆ ನಿಂತು ಪರದೆಯನ್ನು ಸುಮ್ಮನೆ ನೋಡಿದರು. ಆಮೇಲೆ ಸೂಪರ್‌ವೈಸರ್ ಕಡೆ ತಿರುಗಿ, "ಇವಳನ್ನ ನಂಗೆ ಕೊಟ್ಬಿಡಿ" ಎಂದರು. ಬೀಗದ ಕೈಯನ್ನೋ ಸ್ಟೇಪ್ಲರನ್ನೋ ಕೇಳಿದ ಹಾಗೆ ಕೇಳಿದರು. ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು.

ಅಕ್ಕನ ಎರಡೂ ಕೈಗಳಲ್ಲಿ ಗಾಜಿನ ಬಳೆ ತುಂಬಿರುತ್ತಿತ್ತು. ಟೈಪ್ ಮಾಡುವಾಗ ಸರ್ವರ್ ರೂಮಿನಿಂದ ಗಲಗಲ ಸದ್ದು ಕೇಳುತ್ತಿದ್ದರೆ ಮಾಮೂಲಿ ಕೆಲಸ ನಡೆಯುತ್ತಿದೆ ಎಂದು ಅರ್ಥ. ಓಡುತ್ತಿರುವ ಮಿಷನ್ನಿನ ಸೆಟ್ಟಿಂಗನ್ನು ಮುಟ್ಟಬೇಕಾದಾಗ ಮಾತ್ರ ಬಳೆ ತೆಗೆದು ಕ್ಯಾಬಿನೆಟ್ಟಿನ ಹಿಡಿಗೆ ಹಾಕುತ್ತಿದ್ದರು. ಎಲ್ಲವನ್ನೂ ಅಲ್ಲ, ಒಂದೊಂದು ಕೈಗೆ ಒಂದೊಂದು ಬಿಟ್ಟುಕೊಳ್ಳುತ್ತಿದ್ದರು. ಮುತ್ತೈದೆ ಬರಿಗೈಯಲ್ಲಿ ಇರಬಾರದಂತೆ. ಹೀಗಾಗಿ ಆ ರೂಮು ನಿಶ್ಶಬ್ದವಾಯಿತೆಂದರೆ ಏನೋ ದೊಡ್ಡದು ನಡೆಯುತ್ತಿದೆ ಎಂದು ನಮಗೆಲ್ಲ ತಿಳಿಯುತ್ತಿತ್ತು, ಅಕೌಂಟ್ಸಿನವರು ಕೂಡ ಕಾಫಿಗೆ ಕರೆಯುತ್ತಿರಲಿಲ್ಲ.

ಅವರು ಪಾಠ ಮಾಡಿದವರಲ್ಲ. ಬೈಯುತ್ತಾ ಕಲಿಸಿದರು. ಯಾವ ಫೈಲಿಗೆ ಕೈ ಹಾಕುವ ಮೊದಲೂ ಅದರದೊಂದು ನಕಲು ಇಟ್ಟುಕೊಳ್ಳಬೇಕು. ಒಮ್ಮೆಗೆ ಒಂದನ್ನೇ ಬದಲಾಯಿಸಿ, ನೋಡಿ, ಆಮೇಲೆ ಇನ್ನೊಂದು. ನಾನೊಮ್ಮೆ ಆತುರಕ್ಕೆ ಮೂರು ನಾಲ್ಕನ್ನು ಒಟ್ಟಿಗೆ ಬದಲಾಯಿಸಿ ಪ್ರಿಂಟರುಗಳೆಲ್ಲ ಸುಮ್ಮನಾದಾಗ, "ಸಾರಿಗೆ ಉಪ್ಪು, ಹುಳಿ, ಖಾರ ಎಲ್ಲಾ ಒಂದೇ ಸಲ ಸುರಿದ್ರೆ ಯಾವ್ದು ಜಾಸ್ತಿ ಆಯ್ತು ಅಂತ ಹೆಂಗ್ ಹೇಳ್ತೀಯ?" ಎಂದು ಕೇಳಿದರು. ಸಾಫ್ಟ್‌ವೇರಿನ ಜೊತೆಗೆ ಬಂದ ಫೈಲನ್ನು ತಿದ್ದಲು ಬಿಡುತ್ತಿರಲಿಲ್ಲ, ನಮ್ಮ ಬದಲಾವಣೆ ನಮ್ಮದೇ ಬೇರೆ ಫೈಲಿನಲ್ಲಿರಬೇಕು. ಇಲ್ಲದಿದ್ದರೆ ಹೊಸ ವರ್ಷನ್ ಬಂದ ದಿನ ಮಾಡಿದ್ದೆಲ್ಲ ಗುಡಿಸಿಕೊಂಡು ಹೋಗುತ್ತದೆ. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವ ಬದಲು ನಮ್ಮದೇ ಬೀರು ತಂದಿಟ್ಟುಕೊಳ್ಳಬೇಕು ಎನ್ನುತ್ತಿದ್ದರು. ದೊಡ್ಡಬಳ್ಳಾಪುರದಲ್ಲಿ ಅವರು ಮೊದಲಿನಿಂದಲೂ ಬಾಡಿಗೆ ಮನೆಯಲ್ಲೇ ಇದ್ದದ್ದು, ಆ ಅನುಭವವೂ ಅದರಲ್ಲಿತ್ತು.

ಸೆಟ್ಟಿಂಗಿನ ಪ್ರತಿ ಸಾಲಿನ ಮೇಲೆ ಒಂದು ಟಿಪ್ಪಣಿ ಬರೆಸುತ್ತಿದ್ದರು. ಏನು ಮಾಡಿದೆ ಎಂದಲ್ಲ, ಯಾಕೆ ಮಾಡಿದೆ ಎಂದು. ಗೇಟಿನ ಹಾಜರಿ ಮಿಷನ್ನಿನ ಫೈಲಿನಲ್ಲಿ ಅವರದೇ ಒಂದು ಟಿಪ್ಪಣಿ ಇತ್ತು. ಕಂಪನಿ ಬಸ್ಸು ರೈಲ್ವೆ ಗೇಟಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ತಡವಾದರೆ ಅದು ಹೆಂಗಸರ ತಪ್ಪಲ್ಲ, ತಡವಾಗಿ ಬಂದವರಿಗೆ ಕೊಟ್ಟಿರುವ ಈ ವಿನಾಯಿತಿಯ ಅವಧಿಯನ್ನು ಯಾರೂ ಕಡಿಮೆ ಮಾಡಬೇಡಿ ಎಂದು. ಕಡಿಮೆ ಮಾಡೋಣವೆಂದು ಬಂದ ಮ್ಯಾನೇಜರುಗಳೆಲ್ಲ ಅದನ್ನು ಓದಿ, ಕೆಮ್ಮಿ, ವಾಪಸ್ ಹೋದರು.

ಇನ್ನೊಂದು ಇತ್ತು. ಉದ್ದುದ್ದ ಕಮಾಂಡುಗಳಿಗೆ ಅವರು ಕನ್ನಡದ ಚಿಕ್ಕ ಹೆಸರುಗಳನ್ನು ಕೊಟ್ಟುಕೊಂಡಿದ್ದರು. 'ನೋಡು' ಎಂದರೆ ಮಿಷನ್ನಿನ ಆರೋಗ್ಯ ತೋರಿಸುತ್ತಿತ್ತು, 'ಹುಡುಕು' ಎಂದರೆ ಹುಡುಕುತ್ತಿತ್ತು. ಕೆಲಸ ಮುಗಿಸಿ ಹೊರಗೆ ಬರಲು 'ಎಕ್ಸಿಟ್' ಎಂದು ಬರೆದರೆ ಅದು ಕೇಳುತ್ತಲೇ ಇರಲಿಲ್ಲ, ಹಾಗನ್ನಬಾರದು ಎಂದು ಬೈಯುತ್ತಿತ್ತು. 'ಬರ್ತೀನಿ' ಎನ್ನಬೇಕು. ಮನೆಯಿಂದ ಹೊರಡುವಾಗ ಯಾರಾದರೂ 'ಹೋಗ್ತೀನಿ' ಅಂತಾರಾ ಎಂಬುದು ಅಕ್ಕನ ವಾದ. 'ಬರ್ತೀನಿ' ಎಂದು ಬರೆದರೆ ಪರದೆಯ ಮೇಲೆ 'ಹೂಂ, ಹುಷಾರು' ಎಂದು ಮೂಡಿ ಬಾಗಿಲು ಮುಚ್ಚುತ್ತಿತ್ತು. ಮಕ್ಕಳಾಟ ಎಂದು ನಾನು ರೇಗಿಸುತ್ತಿದ್ದೆ. ಅವರು ಒಪ್ಪುತ್ತಿದ್ದರು. ಆದರೆ ಒಂದು ಮಾತು ಸೇರಿಸುತ್ತಿದ್ದರು: "ಇವನ್ನೆಲ್ಲಾ ಹೊಸ ಮಿಷನ್‌ಗೆ ಹೊತ್ಕೊಂಡ್ ಹೋಗ್ಬೇಡ. ಬೇರೆಯವ್ರ ಅಡುಗೆಮನೇಲಿ ನಿನ್ ಸೌಟು ಸಿಗಲ್ಲ. ಬರಿಗೈಲಿ ಅಡುಗೆ ಮಾಡೋದ್ ಕಲ್ತಿರ್ಬೇಕು."

ಅಕ್ಕನ ಎದೆಯಲ್ಲಿ ಗಂಟಿದೆ ಎಂದು ನನಗೆ ತಿಳಿದದ್ದು ಒಂದು ಮಧ್ಯಾಹ್ನ, ಊಟದ ಡಬ್ಬಿ ತೊಳೆಯುವಾಗ. ನಲ್ಲಿಯ ಸದ್ದಿನ ನಡುವೆ ಹೇಳಿದರು. ಬೇರೆ ಯಾರಿಗೂ ಹೇಳಬೇಡ ಎಂದರು. ಸೋಂಪುರದ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟಿಗೆ ಹೋಗುತ್ತಿದ್ದ ಅವರ ಯಜಮಾನರಿಗೆ ಗೊತ್ತಿತ್ತು, ಈಗ ನನಗೆ, ಅಷ್ಟೆ. ಆಯುಧಪೂಜೆಯ ರಜೆ ಮುಗಿದ ಮಾರನೆಯ ದಿನ ಬೆಂಗಳೂರಿನ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರನ್ನು ನೋಡುವುದೆಂದು ನಿಗದಿಯಾಗಿತ್ತು. ಆಪರೇಷನ್ ಯಾವಾಗ ಎಂದು ಆ ಡಾಕ್ಟರು ಹೇಳಬೇಕಿತ್ತು.

ಆಯುಧಪೂಜೆ ನಮ್ಮಲ್ಲಿ ಜೋರು. ಹೊಲಿಗೆ ಮಿಷನ್ನುಗಳಿಗೆಲ್ಲ ಅರಿಶಿನ ಕುಂಕುಮ, ಬಸ್ಸುಗಳಿಗೆ ಬಾಳೆಕಂದು, ಗೇಟಿನಲ್ಲಿ ಬೂದುಗುಂಬಳಕಾಯಿ, ಎಲ್ಲರಿಗೂ ಕಡಲೆಪುರಿ, ಬೂಂದಿ. ಪೂಜೆಯಾದ ಮೇಲೆ ಯಾವ ಆಯುಧವನ್ನೂ ಆ ದಿನ ಮುಟ್ಟುವಂತಿಲ್ಲ, ಅದಕ್ಕೆ ವಿಶ್ರಾಂತಿ. ಸರ್ವರಿಗೆ ಮಾತ್ರ ಅಕ್ಕ ಪ್ರತಿ ವರ್ಷ ಕುಂಕುಮ ಇಟ್ಟು ಓಡಲು ಬಿಡುತ್ತಿದ್ದರು. ಆ ವರ್ಷ ಮೇಂಟೆನೆನ್ಸಿನ ಹಿರಿಯ ಮೇಸ್ತ್ರಿ ಆರತಿ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತುಬಿಟ್ಟರು. "ಎಲ್ಲಾ ಮಿಷನ್ನೂ ಮಲಗ್ತವೆ, ಇದೊಂದ್ ಏನ್ ಪಾಪ ಮಾಡೈತಮ್ಮಾ? ಇದ್ಕೂ ಒಂದ್ ದಿನ ರೆಸ್ಟ್ ಕೊಡು" ಎಂದರು.

ಅಕ್ಕ ನಕ್ಕರು. ಅವರ ಮನಸ್ಸು ಆ ದಿನ ಮೆತ್ತಗಿತ್ತು ಎಂದು ಈಗ ಅನ್ನಿಸುತ್ತದೆ… ಬಳೆ ತೆಗೆದು ಹಿಡಿಗೆ ಹಾಕಿದರು, ವರ್ಷಗಳಿಂದ ಒಮ್ಮೆಯೂ ನಿಲ್ಲದ ಮಿಷನ್ನನ್ನು ತಾವೇ ಶಾಸ್ತ್ರೋಕ್ತವಾಗಿ ಆರಿಸಿದರು. ಆರತಿ ಎತ್ತಿದರು. ತಲೆಯಲ್ಲಿ ಮುಡಿದಿದ್ದ ಸೇವಂತಿಗೆಯಲ್ಲೇ ಒಂದನ್ನು ತೆಗೆದು ತಗಡಿನ ಮೇಲೆ, ಫ್ಯಾನಿನ ಸಂದಿಯ ಪಕ್ಕದಲ್ಲಿಟ್ಟರು. ಫ್ಯಾನು ನಿಂತ ಆ ರೂಮಿನಲ್ಲಿ ಹೊರಗಿನ ಗುಬ್ಬಿಯ ಸದ್ದು ಕೇಳಿಸಿತು. ಅಷ್ಟು ವರ್ಷ ಅಲ್ಲಿ ಗುಬ್ಬಿ ಇದೆಯೆಂದೇ ನಮಗೆ ಗೊತ್ತಿರಲಿಲ್ಲ.

ರಜೆ ಮುಗಿದ ಬೆಳಿಗ್ಗೆ ನಾನು ಮಿಷನ್ನನ್ನು ಹಾಕಿದೆ. ಅದು ಎದ್ದಿತು, ಆದರೆ ಅರ್ಧ ಮಾತ್ರ. ಗೇಟಿನ ಹಾಜರಿ ಯಂತ್ರಗಳ ಗುರುತೇ ಅದಕ್ಕಿರಲಿಲ್ಲ. ಬೆರಳಿಟ್ಟರೆ ಗೇಟು ತಿರುಗುತ್ತಿಲ್ಲ. ಬೆಳಗಿನ ಶಿಫ್ಟಿನ ಹೆಂಗಸರೆಲ್ಲ ಬಸ್ಸಿಳಿದು ಬಿಸಿಲಲ್ಲಿ ನಿಂತಿದ್ದರು. ಹೊರಗೆ ಸೆಕ್ಯುರಿಟಿಯವರ ಕೂಗಾಟ, ಒಳಗೆ ಮ್ಯಾನೇಜರ್ ಕೂಗಾಟ. ಫೈಲುಗಳನ್ನೆಲ್ಲ ಜಾಲಾಡಿದೆ. ಎಲ್ಲ ಸರಿಯಾಗೇ ಇದ್ದವು, ಬೇಕಾದದ್ದು ಮಾತ್ರ ಅಲ್ಲಿರಲಿಲ್ಲ. ಮ್ಯಾನೇಜರ್ ಅಕ್ಕನಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟರು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅಕ್ಕ ಒಂದೊಂದೇ ಸಾಲು ಹೇಳಿದರು, ನಾನು ಬರೆದೆ. ನಡುವೆ ಅವರ ಹೆಸರು ಕೂಗಿದ್ದು ನನಗೂ ಕೇಳಿಸಿತು. "ಅಕ್ಕಾ, ನಿಮ್ಮನ್ನ ಕರೀತಿದಾರೆ, ಹೋಗಿ" ಎಂದೆ. "ಒಂದ್ನಿಮಿಷ ಇರು, ಇದೊಂದ್ ಆಗ್ಲಿ" ಎಂದರು. ಮತ್ತೊಮ್ಮೆ ಕೂಗಿದರು. ಅಕ್ಕ ಮುಂದಿನ ಸಾಲು ಹೇಳುತ್ತಿದ್ದರು… ಗೇಟು ತಿರುಗಿತು, ಹೆಂಗಸರು ಒಳಗೆ ಬಂದರು. ಅಷ್ಟರಲ್ಲಿ ಡಾಕ್ಟರು ಆಪರೇಷನ್ ಥಿಯೇಟರಿಗೆ ಹೋಗಿಬಿಟ್ಟಿದ್ದರು. ಮತ್ತೆ ಸಿಗುವುದಕ್ಕೆ ವಾರಗಳು ಹಿಡಿದವು.

ಮಾರನೆಯ ದಿನ ಬಂದವರು ತಲೆಯ ಮೇಲೆ ಕೈಹೊತ್ತು ಕೂತರು. ಗೇಟಿನ ಯಂತ್ರಗಳನ್ನು ಎಂದೋ ಆತುರದಲ್ಲಿ ಜೋಡಿಸುವಾಗ, ಓಡುತ್ತಿರುವ ಮಿಷನ್ನಿಗೆ ನೇರವಾಗಿ ವಿವರ ಹೇಳಿಬಿಟ್ಟಿದ್ದರು. ಹಾಗೆ ಹೇಳಿದ್ದು ಮಿಷನ್ನು ಎಚ್ಚರವಿರುವವರೆಗೆ ನೆನಪಿರುತ್ತದೆ. ಮಲಗಿ ಎದ್ದರೆ ಅದು ಫೈಲಿನಲ್ಲಿ ಬರೆದದ್ದನ್ನು ಮಾತ್ರ ಓದಿಕೊಳ್ಳುತ್ತದೆ. ಅಷ್ಟು ವರ್ಷ ಮಲಗಲೇ ಇಲ್ಲವಾದ್ದರಿಂದ ಬರೆದಿಲ್ಲವೆಂಬುದೇ ಯಾರಿಗೂ ತಿಳಿಯಲಿಲ್ಲ. ಎಲ್ಲರಿಗೂ ಬರಿ ಬರಿ ಎಂದು ಬೈದವರು ತಾವು ಬರೆದಿರಲಿಲ್ಲ. "ಇನ್ನೂ ಎಷ್ಟ್ ಹಿಂಗ್ ಬಿಟ್ಟಿದೀನೋ ನಂಗೇ ಗೊತ್ತಿಲ್ಲ ಕಣೇ" ಎಂದರು. ಆ ದನಿಯಲ್ಲಿ ನಾನು ಮೊದಲ ಸಲ ಹೆದರಿಕೆ ಕೇಳಿದೆ.

ಎರಡನೆಯ ಸಲ ಡಾಕ್ಟರು ಸಿಕ್ಕಾಗ ತಡ ಮಾಡಬೇಡಿ ಎಂದರಂತೆ. ಅಕ್ಕ ತಡ ಮಾಡಿದರು. ಆಪರೇಷನ್ ಎಂದರೆ ತಿಂಗಳುಗಟ್ಟಲೆ ರಜೆ, ಆ ನಡುವೆ ಮತ್ತೆ ಗೇಟು ನಿಂತರೆ ಹೆಂಗಸರು ಬಿಸಿಲಲ್ಲಿ ನಿಲ್ಲಬೇಕು, ಆಪರೇಷನ್ ಟೇಬಲ್ಲಿನ ಮೇಲಿದ್ದವರಿಗೆ ಫೋನ್ ಮಾಡಲಾಗುತ್ತದೆಯೇ ಎಂಬುದು ಅವರ ಲೆಕ್ಕಾಚಾರ. ನಾನು ಜಗಳ ಆಡಿದೆ. ಅತ್ತುಬಿಟ್ಟೆ. ಅವರ ಯಜಮಾನರೂ ಕೂಗಾಡಿದರಂತೆ. ಅಷ್ಟರಲ್ಲಿ ವಿಷಯ ತಿಳಿದಿದ್ದ ಮ್ಯಾನೇಜರ್ ಮಾತ್ರ, ಆರೋಗ್ಯ ಮೊದಲು ನೋಡಿಕೊಳ್ಳಿ ಎಂದು ಹೇಳಿ, ಅದೇ ಉಸಿರಿನಲ್ಲಿ, ಎಲ್ಲ ಸರಿ ಮಾಡಿಟ್ಟು ಹೋಗಿ ಎಂದರು. "ಇದು ಎದ್ ನಿಂತ್ಕೊಳ್ಳಿ, ಆಮೇಲೆ ನಾನ್ ಮಲಗ್ತೀನಿ" ಎಂದರು ಅಕ್ಕ. ಆ ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅದಕ್ಕೆ ಅವರು ಒಂದು ಕ್ರಮ ಮಾಡಿದರು. ಫ್ಯಾಕ್ಟರಿಗೆ ರಜೆಯಿರುವ ಭಾನುವಾರ ಬೆಳಿಗ್ಗೆ ಇಬ್ಬರೂ ಬರುವುದು. ನಾನೊಬ್ಬಳೇ ಸರ್ವರ್ ರೂಮಿಗೆ ಹೋಗಿ, ಅಕ್ಕ ತೆಗೆದುಕೊಟ್ಟ ಬಳೆಯನ್ನು ಕ್ಯಾಬಿನೆಟ್ಟಿನ ಹಿಡಿಗೆ ಸಿಕ್ಕಿಸಿ, ಮಿಷನ್ನನ್ನು ಆರಿಸಿ ಮತ್ತೆ ಹಾಕುವುದು. ಅಕ್ಕ ಅಂಗಳದಾಚೆ, ಕ್ಯಾಂಟೀನಿನ ಮುಂದಿನ ಹೊಂಗೆಮರದ ಬೆಂಚಿನಲ್ಲಿ ಟೀ ಹಿಡಿದು ಕೂರುವುದು. ಒಳಗೆ ಬರುವಂತಿಲ್ಲ, ಫೋನಿನಲ್ಲಿ ಹೇಳಿಕೊಡುವಂತಿಲ್ಲ. ಏನಾದರೂ ಎದ್ದೇಳದಿದ್ದರೆ ನಾನೇ ಓಡಿಹೋಗಿ ಕೇಳಬೇಕು. ಕೇಳಿದ್ದನ್ನೆಲ್ಲ ಕಾರಣದ ಸಮೇತ ಫೈಲಿಗೆ ಬರೆಯಬೇಕು.

ಮೊದಲ ಭಾನುವಾರ ನಾನು ಅಂಗಳದಲ್ಲಿ ಓಡಿದ್ದೇ ಓಡಿದ್ದು. ಲೇಬಲ್ ಪ್ರಿಂಟರ್ ಎದ್ದಿಲ್ಲ, ಓಡಿದೆ. ಬ್ಯಾಕಪ್ ತೆಗೆದುಕೊಳ್ಳುವ ಕೆಲಸ ಶುರುವಾಗಿಲ್ಲ, ಓಡಿದೆ. ತೆಗೆದಿಟ್ಟ ಬ್ಯಾಕಪ್ಪನ್ನು ಪರೀಕ್ಷೆಯ ಮಿಷನ್ನಿಗೆ ಬಿಚ್ಚಿ ತೋರಿಸು ಎಂದರು, ಬಿಚ್ಚಿದರೆ ಬರೀ ಖಾಲಿ ಫೈಲು, ಮತ್ತೆ ಓಡಿದೆ. ಬಿಚ್ಚಿ ನೋಡದ ಬ್ಯಾಕಪ್ಪನ್ನು ನಂಬಬೇಡ ಎಂದರು. ಪ್ರತಿ ಸಲ ನಾನು ಹತ್ತಿರ ಬರುತ್ತಿದ್ದಂತೆ, "ಎದ್ತಾ?" ಎಂದು ಕೇಳುತ್ತಿದ್ದರು. ಇಲ್ಲ ಅಕ್ಕ ಎನ್ನುತ್ತಿದ್ದೆ. ಅವರು ಎಡಗೈಯನ್ನು ಎದೆಗೆ ಒತ್ತಿ ಹಿಡಿದುಕೊಂಡೇ ಉತ್ತರ ಹೇಳುತ್ತಿದ್ದರು. ವಾರ ವಾರವೂ ನಾನು ಓಡುವುದು ಕಡಿಮೆಯಾಯಿತು. ಅವರ ಮುಖ ಸಣ್ಣಗಾಗುತ್ತಾ ಬಂತು.

ಒಂದು ಭಾನುವಾರ ಎಲ್ಲವೂ ತಾನಾಗೇ ಎದ್ದಿತು. ಗೇಟು, ಪ್ರಿಂಟರು, ಬ್ಯಾಕಪ್ಪು, ಎಲ್ಲ. ನಂಬಿಕೆ ಬಾರದೆ ಇನ್ನೊಮ್ಮೆ ಆರಿಸಿ ಹಾಕಿದೆ. ಮತ್ತೆ ಎದ್ದಿತು. ಕುಣಿಯುವಷ್ಟು ಖುಷಿಯಾಗಬೇಕಿತ್ತು. ಹೊರಗೆ ಬಂದು ಅಂಗಳದಲ್ಲಿ ನಿಧಾನವಾಗಿ ನಡೆದುಕೊಂಡು ಹೋದೆ. ಅಕ್ಕ ದೂರದಿಂದಲೇ ನೋಡಿದರು. ಆ ಸಲ "ಎದ್ತಾ?" ಎಂದು ಕೇಳಲಿಲ್ಲ. ಲೋಟ ಕೆಳಗಿಟ್ಟು, "ಓಡದೆ ನಡ್ಕೊಂಡ್ ಬಂದೆ" ಎಂದರು. ಕಣ್ಣಲ್ಲಿ ನೀರಿತ್ತು. ಬಳೆಯನ್ನು ಕ್ಯಾಬಿನೆಟ್ಟಿನ ಹಿಡಿಯಿಂದ ತಂದುಕೊಟ್ಟೆ, ಒಂದೊಂದಾಗಿ ಹಾಕಿಕೊಂಡರು. "ಸರಿ, ಬರ್ತೀನಿ ಹಂಗಾದ್ರೆ" ಎಂದು ಯಜಮಾನರ ಸ್ಕೂಟರ್ ಹತ್ತಿದರು.

ಮತ್ತೆ ಆ ಗೇಟಿನೊಳಕ್ಕೆ ಅವರು ಬರಲಿಲ್ಲ.

ಆಪರೇಷನ್ ಆಯಿತು, ಔಷಧಿ ಆಯಿತು, ಕೂದಲು ಹೋಯಿತು. ಅಷ್ಟು ಹೊತ್ತಿಗೆ ಅದು ಮೈಯೆಲ್ಲ ಹರಡಿತ್ತು. ಬೇಗ ಬಂದಿದ್ದರೆ ಉಳಿಯುತ್ತಿದ್ದರೇ ಎಂದು ನಾವು ಯಾರೂ ಡಾಕ್ಟರನ್ನು ಕೇಳಲಿಲ್ಲ. ಉತ್ತರ ಬೇಕಿರಲಿಲ್ಲ… ಆಸ್ಪತ್ರೆಯಲ್ಲಿ ಅವರ ಕೈಯಲ್ಲಿ ಒಂದು ಬಳೆಯೂ ಇರಲಿಲ್ಲ, ನರ್ಸು ಎಲ್ಲ ತೆಗೆಸಿದ್ದಳು. ಬೋಳು ಕೈಯನ್ನು ಹೊದಿಕೆಯೊಳಗೆ ಮುಚ್ಚಿಟ್ಟುಕೊಂಡು, ಹೋದಾಗಲೆಲ್ಲ ಮೊದಲು ಕೇಳುತ್ತಿದ್ದದ್ದು ಒಂದೇ, "ಎದ್ತಾ?" ಯುಪಿಎಸ್ ಕೂಡ ಕೈಕೊಟ್ಟು ಕರೆಂಟು ಹೋಗಿ ಬಂದಾಗಲೂ ತಾನೇ ಎದ್ದಿತು ಎಂದರೆ ಮುಖ ಅರಳುತ್ತಿತ್ತು. ಆ ಮಿಷನ್ನಿನ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚಾಗುತ್ತಿತ್ತೆಂದರೆ, ಒಮ್ಮೊಮ್ಮೆ ಅದು ಸುಟ್ಟು ಹೋಗಲಿ ಅನ್ನಿಸುತ್ತಿತ್ತು.

ಯುಗಾದಿಗೆ ಇನ್ನೂ ಕೆಲವು ದಿನ ಇರುವಾಗ ಅಕ್ಕ ಹೋಗಿಬಿಟ್ಟರು. ದೊಡ್ಡಬಳ್ಳಾಪುರದ ಬಾಡಿಗೆ ಮನೆಯ ಮುಂದೆ ಮಲಗಿಸಿದ್ದರು. ಮುತ್ತೈದೆ ಸಾವು ಎಂದು ಹೆಂಗಸರು ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಎರಡೂ ಕೈ ತುಂಬ ಹಸಿರು ಗಾಜಿನ ಬಳೆ ತೊಡಿಸಿದ್ದರು. ಅಷ್ಟೊಂದು ಬಳೆ, ಒಂದಿಷ್ಟೂ ಸದ್ದಿಲ್ಲ. ಬಳೆಯ ಸದ್ದು ನಿಂತರೆ ದೊಡ್ಡ ಕೆಲಸ ನಡೆದಿದೆ ಎಂದು ಅರ್ಥಮಾಡಿಕೊಂಡಿದ್ದ ನನ್ನ ಕಿವಿ ಅವತ್ತೂ ಕಾಯುತ್ತಿತ್ತು.

ಫ್ಯಾಕ್ಟರಿಗೆ ಅವತ್ತು ರಜೆ ಇರಲಿಲ್ಲ. ಶಿಫ್ಟು ನಡೆಯಿತು. ನಾನು ಫೋನನ್ನು ಕೈಯಲ್ಲೇ ಹಿಡಿದುಕೊಂಡಿದ್ದೆ. ಒಂದಾದರೂ ಕರೆ ಬರಲಿ, ಏನಾದರೂ ಒಂದು ನಿಂತುಹೋಗಲಿ, ಸಿಸ್ಟಮ್ ಮೇಡಂ ಇಲ್ಲದೆ ಆಗುತ್ತಿಲ್ಲ ಎಂದು ಯಾರಾದರೂ ಕೂಗಾಡಲಿ ಎಂದು ಬೇಡಿಕೊಂಡೆ. ಗಾಡಿ ಹೊರಟಿತು, ಎಲ್ಲ ಮುಗಿದು ಸ್ನಾನಕ್ಕೆ ಹೋಗುವವರೆಗೂ ಫೋನು ಒಮ್ಮೆಯೂ ರಿಂಗಾಗಲಿಲ್ಲ. ಅಷ್ಟು ಚೆನ್ನಾಗಿ ಮಾಡಿಟ್ಟು ಹೋಗಿದ್ದರು. ಅವರು ಸತ್ತ ದಿನ ಏನೂ ನಿಲ್ಲಲಿಲ್ಲ ಎಂಬುದು ಅವರಿಗೆ ಗೆಲುವು, ನನಗೆ ಮಾತ್ರ ಅದು ಇವತ್ತಿಗೂ ನುಂಗಲಾಗದ ತುತ್ತು.

ಈಗ ಆ ಮಿಷನ್ನಿಗೂ ವಯಸ್ಸಾಗಿ ಹೊಸದು ಬಂದಿದೆ. ಯಾವುದನ್ನು ಹೊಸದಕ್ಕೆ ಒಯ್ಯಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವವಳು ನಾನೇ. ಅಕ್ಕ ಹೇಳಿದಂತೆಯೇ ಮಾಡಿದೆ. ಕಾರಣ ಬರೆದಿರುವ ಸಾಲುಗಳನ್ನೆಲ್ಲ ಒಯ್ದೆ. ರೈಲ್ವೆ ಗೇಟಿನ ಟಿಪ್ಪಣಿಯನ್ನು ಒಂದಕ್ಷರ ಬದಲಾಯಿಸದೆ ಇಟ್ಟೆ. 'ನೋಡು', 'ಹುಡುಕು' ಎಲ್ಲ ಹಳೆಯದರಲ್ಲೇ ಬಿಟ್ಟೆ. ಶನಿವಾರ ಸಂಜೆ ಹಳೆಯದನ್ನು ಆರಿಸುವ ಮೊದಲು ಕೊನೆಯ ಸಲ 'ಬರ್ತೀನಿ' ಎಂದು ಬರೆದೆ. 'ಹೂಂ, ಹುಷಾರು' ಎಂದಿತು. ಆಮೇಲೆ ಸ್ವಿಚ್ಚು ಆರಿಸಿದೆ.

ಭಾನುವಾರ ಇಂಜಿನಿಯರ್ ಡಿಸ್ಕ್ ಬಿಚ್ಚಿಕೊಟ್ಟು ಹೋದ ಮೇಲೆ ಹೊಸ ಮಿಷನ್ನನ್ನು ಆರಿಸಿ ಹಾಕಿದೆ. ಗೇಟು, ಪ್ರಿಂಟರು, ಬ್ಯಾಕಪ್ಪು, ಎಲ್ಲವೂ ತಾನಾಗೇ ಎದ್ದವು. ಕೈ ಅಭ್ಯಾಸಬಲದಿಂದ 'ಬರ್ತೀನಿ' ಎಂದು ಬರೆಯಿತು. ಅಂಥ ಕಮಾಂಡ್ ಇಲ್ಲ ಎಂದಿತು ಹೊಸದು. ಅದರ ತಪ್ಪೇನೂ ಇಲ್ಲ. 'ಎಕ್ಸಿಟ್' ಎಂದು ಬರೆದು ಹೊರಗೆ ಬಂದೆ.

ಅಂಗಳದಲ್ಲಿ ನಿಧಾನವಾಗಿ ನಡೆದುಕೊಂಡು ಹೋದೆ, ಯಾರೋ ದೂರದಿಂದ ನೋಡುತ್ತಿರುವಂತೆ. ಹೊಂಗೆಮರದ ಬೆಂಚು ಅಲ್ಲೇ ಇದೆ. ಟೀ ತೆಗೆದುಕೊಂಡು ಅದರ ತುದಿಯಲ್ಲಿ ಕೂತೆ, ಇನ್ನೊಬ್ಬರಿಗೆ ಜಾಗ ಬಿಟ್ಟು. ಟೀ ತಣ್ಣಗಾಯಿತು. ಎದ್ತಾ ಎಂದು ಯಾರೂ ಕೇಳಲಿಲ್ಲ.